ಉದ್ದ ರಾತ್ರಿ, ಹೋಬಾರ್ಟ್

ರೋಸ್ಟರಿನಲ್ಲಿ ಅಪರೂಪಕ್ಕೆ ಇಬ್ಬರಿಗೂ ಒಟ್ಟಿಗೇ
ಎರಡು ದಿನ ಖಾಲಿ ಬಿದ್ದಿದ್ದವು.
ಮೆಲ್ಬರ್ನಿನಿಂದ ಗಂಟೆಯೊಂದರ ವಿಮಾನ,
ಪಕ್ಕದಲ್ಲಿ ಹಿಲ್ಡಾ, ಅವಳ ಮಡಿಲಲ್ಲಿ ಚಕ್ಕುಲಿ ಡಬ್ಬಿ,
ಕಾಲಿಗೆ ಎರಡೆರಡು ಸಾಕ್ಸು.

ಜೂನ್. ನಮ್ಮ ಹಾವೇರಿಯಲ್ಲಿ ಈಗ ಮಿರಗದ ಮಳೆ,
ಕೊಡೆ ರಿಪೇರಿಯವನ ಸುಗ್ಗಿ.
ಇಲ್ಲಿ ಬೆಟ್ಟದ ನೆತ್ತಿಗೆ ಹಿಮ,
ಯಾರೋ ಅರ್ಧ ಉಂಡು ಎದ್ದುಹೋದ ಮೊಸರನ್ನ.
ನಾಲ್ಕೂಮುಕ್ಕಾಲಿಗೇ ದೀಪ ಹಚ್ಚುವ ಊರು.

ವರ್ಷದಲ್ಲೇ ಉದ್ದನೆಯ ರಾತ್ರಿಯಂತೆ,
ಅದಕ್ಕೇ ಹಬ್ಬವಂತೆ.
"ಉದ್ದ ರಾತ್ರಿಗೆ ಎಂತ ಹಬ್ಬ ಮಾರಾಯ್ತಿ,
ಹದಿನೇಳು ವರ್ಷದಿಂದ ನಾವು ಮಾಡ್ತಿರುವುದು ಅದನ್ನೇ ಅಲ್ಲವಾ!"
ಮೂಡುಬಿದಿರೆಯ ನಾಲಗೆ ಅವಳದು,
ಕಣ್ಣು ಮಾತ್ರ ರಾತ್ರಿ ಪಾಳಿಯದು.

ಧಕ್ಕೆಯುದ್ದಕ್ಕೂ ಕೆಂಪು ದೀಪ.
ಗೋದಾಮಿನ ಗೋಡೆಯ ಮೇಲೆ ಬೆಳಕಿನ ಮೀನುಗಳು
ನಮ್ಮ ನೆರಳು ನುಂಗಿ, ಉಗುಳಿ, ಮುಂದೆ ಹೋದವು.
ಕೆಂಡದ ಮೇಲೆ ಅಣಬೆ, ಸಿಗಡಿ, ಚೊಯ್ಯೆನ್ನುವ ಬೆಣ್ಣೆ.
ಕಾಯಿಸಿದ ವೈನಿಗೆ ಲವಂಗ, ಚಕ್ಕೆ, ಕಿತ್ತಳೆ ಸಿಪ್ಪೆ.
ಒಂದು ಗುಟುಕಿಗೇ ಗುರುತು ಹತ್ತಿತು:
ಶೀತಕ್ಕೆ ಅವ್ವ ಕುದಿಸುತ್ತಿದ್ದ ಕಷಾಯ!
ಕಾಳುಮೆಣಸು ಹಾಕಲು ಮರೆತಿದ್ದಾರೆ,
ಹದಿನಾರು ಡಾಲರ್ ಕೇಳಲು ಮರೆತಿಲ್ಲ.

ಹಳೆಯ ಚರ್ಚಿನೊಳಗೆ ಇಪ್ಪತ್ತು ಹೆಂಗಸರು
ಪದವಿಲ್ಲದ ಒಂದೇ ಸ್ವರ ಹಿಡಿದು ನಿಂತಿದ್ದರು.
ಒಬ್ಬಳ ಉಸಿರು ಮುಗಿಯುವ ಮೊದಲೇ
ಇನ್ನೊಬ್ಬಳದು ಶುರು.
ಬೆಳಿಗ್ಗೆ ಏಳಕ್ಕೆ ನಾವು ವಾರ್ಡು ಒಪ್ಪಿಸುವುದೂ ಹೀಗೇ.
ಹಿಲ್ಡಾ ನನ್ನ ಮೊಣಕೈ ಹಿಡಿದಳು,
ಬಿಡಲು ಮರೆತಳು.

ಮೈದಾನದ ನಡುವೆ ಒಂದು ಮರದ ಪ್ರಾಣಿ,
ಬಾಲ ಯಾವುದು, ಮೂತಿ ಯಾವುದು ತಿಳಿಯದ್ದು.
ನಿಮ್ಮ ಭಯ ಬರೆದು ಅದರ ಹೊಟ್ಟೆಗೆ ಹಾಕಿ,
ಒಂಬತ್ತಕ್ಕೆ ಸುಡುತ್ತೇವೆ, ಎಂದು
ಚೀಟಿ ಕೊಟ್ಟ ಹುಡುಗನಿಗೆ ಮೂಗಿನ ತುದಿ ಕೆಂಪು.
ಹಿಲ್ಡಾ ಎರಡೂ ಬದಿ ತುಂಬಿಸಿ ಇನ್ನೊಂದು ಚೀಟಿ ಕೇಳಿದಳು.
ನನಗೆ ಪೆನ್ಸಿಲು ಹಿಡಿದ ಬೆರಳೇ ಮರಗಟ್ಟಿತ್ತು.
ಕೊನೆಗೆ ಬರೆದದ್ದು ಇಷ್ಟೇ:
ಹದಿನಾಲ್ಕನೇ ಹಾಸಿಗೆ. ನಸುಕಿನ ನಾಲ್ಕು ಹತ್ತು.
"ಯಾವ ಲಿಪಿ? ಎಷ್ಟು ದುಂಡಗಿದೆ, ಚೆಂದ" ಎಂದ ಹುಡುಗ.
ಹೌದು, ಚೆಂದವೇ ಇತ್ತು.
ಮಡಿಸಿ ಹಾಕಿದೆ.

ಕಾಮಣ್ಣನನ್ನು ಸುಡುವಾಗ ನಾವು ಲಬೋ ಲಬೋ ಎನ್ನುತ್ತೇವೆ.
ಇವರು ಜೇಬಿನಲ್ಲಿ ಕೈಯಿಟ್ಟು ಸುಮ್ಮನೆ ನೋಡಿದರು.
ಅಪ್ಪನ ಹೆಗಲ ಮೇಲಿದ್ದ ಮಗುವೊಂದೇ ಕೇಳಿದ್ದು:
ಅದಕ್ಕೆ ನೋವಾಗಲ್ವಾ?
ಕಿಡಿ ಹಾರಿ ನನ್ನ ಶಾಲಿನಲ್ಲೊಂದು ತೂತು.
ಈಗಲೂ ಇದೆ, ಹೊಲಿಸಿಲ್ಲ.

ಬೆಳಗಿನ ಜಾವ ನದಿಗೆ ಹೊರಟವರ ಸಾಲು.
ಕೆಂಪು ಟೋಪಿಯೊಂದು ಬಿಟ್ಟರೆ ಮೈಮೇಲೆ ನೂಲಿಲ್ಲ.
ಮುದುಕರು, ಒಬ್ಬ ಬಸುರಿ, ಎದೆಯ ನಡುವೆ
ಉದ್ದ ಹೊಲಿಗೆಯ ಗುರುತಿರುವ ಗಂಡಸು.
"ಯೇಸುವೇ, ಇಷ್ಟು ಜನರ ಬಟ್ಟೆ ಕಾಯುವವರು ಯಾರು?"
ನಮಗೇನು ಮೈ ಹೊಸತೇ?
ಒರೆಸಿದ್ದೇವೆ, ಮಗ್ಗುಲು ತಿರುಗಿಸಿದ್ದೇವೆ,
ಮುಖದವರೆಗೂ ಹೊದಿಸಿದ್ದೇವೆ.
ಆದರೆ ಹೀಗೆ
ಯಾರ ಕೈಯನ್ನೂ ಹಿಡಿಯದೆ, ಕಿರುಚುತ್ತ,
ತಮ್ಮಷ್ಟಕ್ಕೆ ತಾವೇ ಓಡುವ ಮೈಗಳು!

ಊರಲ್ಲಿ ಇನ್ನೇನು ದಕ್ಷಿಣಾಯನ, ದೇವರಿಗೇ ರಾತ್ರಿ.
ಇಲ್ಲಿ ಸೂರ್ಯ ಇವತ್ತೇ ಹೊರಳುತ್ತಾನೆ.
ಭೀಷ್ಮ ಈ ಕಡೆ ಬಾಣದ ಮೇಲೆ ಮಲಗಿದ್ದರೆ
ಜೂನಿನಲ್ಲೇ ಬಿಡುಗಡೆಯಾಗುತ್ತಿತ್ತು, ಎಂದೆ.
"ಯಾವ ವಾರ್ಡು?" ಎಂದಳು ಹಿಲ್ಡಾ.

ನೀರಿಗಿಳಿದವರನ್ನು ಎಣಿಸುತ್ತಿದ್ದೆ, ಹಾಳು ಅಭ್ಯಾಸ.
ಇನ್ನೂರರ ತನಕ ಲೆಕ್ಕ ಹಿಡಿತದಲ್ಲಿತ್ತು.
ಆಮೇಲೆ ತಪ್ಪಿತು.

ಟವೆಲು ಸುತ್ತಿಕೊಂಡು ಬಂದ ಮುದುಕಿಯೊಬ್ಬಳಿಗೆ
ಹಿಲ್ಡಾ ಡಬ್ಬಿ ತೆರೆದು ಚಾಚಿದಳು.
ನೀಲಿಗಟ್ಟಿದ ಬೆರಳಲ್ಲಿ ಒಂದು ಚಕ್ಕುಲಿ.
ಕಟ ಕಟ ಕಟ.
ಮುರಿಯುವುದು ಚಕ್ಕುಲಿಯೋ, ನಡುಗುವುದು ಹಲ್ಲೋ
ನಮಗೂ ತಿಳಿಯಲಿಲ್ಲ, ಅವಳಿಗೂ.